ನಡುವಿನ ಕುರ್ಚಿ ಖಾಲಿ

ಹೋದ ತಿಂಗಳು ಬಂದ ಪತ್ರಗಳಲ್ಲಿ ಮೂರು ಪತ್ರ ಬ್ಯಾಂಕಿನಲ್ಲಿ ಕೆಲಸ ಮಾಡುವವರದು. ಮೂವರದೂ ಬೇರೆ ಬೇರೆ ಊರು. ಆದರೆ ಒಂದರ ಹಿಂದೊಂದು ಓದುವಾಗ ಒಂದೇ ಶಾಖೆಯ ಮೂರು ಮೇಜಿನಿಂದ ಬಂದ ಹಾಗಿತ್ತು. ನಾನೂ 1982ರಲ್ಲಿ ಬ್ಯಾಂಕಿಗೆ ಕ್ಲರ್ಕ್ ಆಗಿ ಸೇರಿ 2020ರಲ್ಲಿ ನಿವೃತ್ತಳಾದವಳು. ಕೊನೆಯ ಆರು ವರ್ಷ ಸಿಬ್ಬಂದಿ ತರಬೇತಿಯಲ್ಲಿದ್ದೆ. ಹಾಗಾಗಿ ಈ ಸಂಚಿಕೆಯ ಜಾಗವನ್ನೆಲ್ಲ ಇವಕ್ಕೇ ಕೊಟ್ಟಿದ್ದೇನೆ. ಬೇರೆ ಪತ್ರ ಬರೆದವರು ದಯವಿಟ್ಟು ಮುಂದಿನ ತಿಂಗಳವರೆಗೆ ಕಾಯಿರಿ.

ಪ್ರಶ್ನೆ: ಮೇಡಂ, ನನಗೆ 33 ವರ್ಷ. ಒಂದು ಸರ್ಕಾರಿ ಬ್ಯಾಂಕಿನ ಶಾಖೆಗೆ ಹೋದ ವರ್ಷ ಮ್ಯಾನೇಜರ್ ಆಗಿ ಬಂದೆ. ನನ್ನನ್ನು ಬಿಟ್ಟು ಆರು ಜನ. ಹೆಡ್ ಕ್ಯಾಷಿಯರ್‌ಗೆ 58, ಅಟೆಂಡರ್‌ಗೆ 56. ಉಳಿದ ನಾಲ್ವರೂ 30ರ ಒಳಗಿನವರು, ಕೃಷಿ ಅಧಿಕಾರಿ ಬಿಹಾರದವರು. ಹೆಡ್ ಕ್ಯಾಷಿಯರ್ ಟ್ಯಾಬ್ ಮುಟ್ಟುವುದಿಲ್ಲ. ‘ನಮಗ್ಯಾಕ್ರೀ ಸರ್, ಇನ್ನೆರಡು ವರ್ಷ’ ಅನ್ನುತ್ತಾರೆ. ಹುಡುಗರು ಐದು ಗಂಟೆಗೆ ಬ್ಯಾಗ್ ಹೆಗಲಿಗೇರಿಸುತ್ತಾರೆ. ಮಾತಿಲ್ಲ ಕತೆಯಿಲ್ಲ, ಊಟಕ್ಕೂ ಬೇರೆ ಬೇರೆ ಕೂರುತ್ತಾರೆ. ಸಿಬ್ಬಂದಿಯ ಉತ್ಸಾಹ ಹೆಚ್ಚಿಸಿ ಎಂದು ಮೇಲಿನ ಆಫೀಸಿನಿಂದ ಸುತ್ತೋಲೆ ಬಂತು. ಹುಟ್ಟುಹಬ್ಬಕ್ಕೆ ಕೇಕ್, ತಿಂಗಳ ಉತ್ತಮ ನೌಕರರ ಫೋಟೊ, ಬೆಳಿಗ್ಗೆ ಹತ್ತು ನಿಮಿಷದ ಸಭೆ, ಎಲ್ಲ ಮಾಡಿದೆ. ಅಭಿಪ್ರಾಯ ತಿಳಿಸಿ ಎಂದು ಆನ್‌ಲೈನ್ ಫಾರಂ ಕಳಿಸಿದರೆ ಐದು ನಿಮಿಷದಲ್ಲಿ ಆರೂ ಜನ ‘ಅತ್ಯುತ್ತಮ’ ಒತ್ತಿ ಕಳಿಸಿದರು. ಹೋದ ವಾರ ಅರ್ಧ ಕೇಕ್ ಹಾಗೇ ಉಳಿಯಿತು. ನಾನು ಮನೆ ಸೇರುವುದು ಮಗಳು ಮಲಗಿದ ಮೇಲೆ. ಎಲ್ಲಿ ತಪ್ಪುತ್ತಿದ್ದೇನೆ?
— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಮೊದಲು ನಿಮ್ಮ ಶಾಖೆಯಲ್ಲಿ ಯಾರು ಇಲ್ಲ ಅನ್ನುವುದನ್ನು ನೋಡಿ. 58 ಇದ್ದಾರೆ, 56 ಇದ್ದಾರೆ, ಆಮೇಲೆ ನೇರ 33. ನಲವತ್ತೈದರ ಆಸುಪಾಸಿನವರು ಒಬ್ಬರೂ ಇಲ್ಲ. ಅದು ನಿಮ್ಮ ಶಾಖೆಯೊಂದರ ಕತೆಯಲ್ಲ. 1990ರ ದಶಕದ ನಡುವಿನಿಂದ ಹೆಚ್ಚುಕಡಿಮೆ ಹತ್ತು ವರ್ಷ ಸರ್ಕಾರಿ ಬ್ಯಾಂಕುಗಳು ಹೊಸ ಕ್ಲರ್ಕುಗಳನ್ನು ತೆಗೆದುಕೊಂಡದ್ದು ಬಹಳ ಕಡಿಮೆ. 2000-01ರಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂತು, ದೇಶದಾದ್ಯಂತ ಸುಮಾರು ಒಂದು ಲಕ್ಷ ಜನ ಮನೆಗೆ ಹೋದರು. ನಮ್ಮನ್ನೆಲ್ಲ ಆರಿಸಿದ ಬ್ಯಾಂಕ್ ನೇಮಕಾತಿ ಮಂಡಳಿಗಳೂ (ಬಿಎಸ್‌ಆರ್‌ಬಿ) 2001ರಲ್ಲಿ ಮುಚ್ಚಿದವು. 2011ರಲ್ಲಿ ಹಲವು ಸರ್ಕಾರಿ ಬ್ಯಾಂಕುಗಳಿಗೆ ಸೇರಿ ಒಂದೇ ನೇಮಕಾತಿ ಪರೀಕ್ಷೆ, ಐಬಿಪಿಎಸ್‌ನದು, ಶುರುವಾದ ಮೇಲೆ ನಿಮ್ಮ ವಯಸ್ಸಿನವರು ದಂಡುದಂಡಾಗಿ ಬಂದಿರಿ. ಮನೆಯಲ್ಲಿ ಅಜ್ಜನ ಸಿಟ್ಟನ್ನು ಮೊಮ್ಮಗನಿಗೆ, ಮೊಮ್ಮಗನ ಹಟವನ್ನು ಅಜ್ಜನಿಗೆ ತಿಳಿಸಿ ಹೇಳಲು ನಡುವೆ ಅಪ್ಪ ಇರುತ್ತಾನೆ. ನಿಮ್ಮ ಶಾಖೆಯಲ್ಲಿ ಆ ಜಾಗದಲ್ಲಿ ಇರಬೇಕಾದವರು ಕೆಲಸಕ್ಕೆ ಸೇರಲೇ ಇಲ್ಲ.

ಇನ್ನೊಂದು ಮಾತು. ಒಂದೇ ಕೌಂಟರಿನಲ್ಲಿ ಕೂತವರಿಗೆ ಬ್ಯಾಂಕು ಒಂದೇ ಮಾತು ಕೊಟ್ಟಿಲ್ಲ. ನಿಮ್ಮ ಹೆಡ್ ಕ್ಯಾಷಿಯರ್‌ಗೆ ಹಳೆಯ ಪಿಂಚಣಿ ಇದೆ. 2010ರ ಏಪ್ರಿಲ್ 1ರ ನಂತರ ಸೇರಿದ ನಿಮಗೂ ನಿಮ್ಮ ಹುಡುಗರಿಗೂ ಎನ್‌ಪಿಎಸ್, ಅಂದರೆ ಕಟ್ಟಿದ ಹಣ ಮಾರುಕಟ್ಟೆಯಲ್ಲಿ ಬೆಳೆದದ್ದರ ಮೇಲೆ ನಿಂತ ಪಿಂಚಣಿ. ಅವರು ಸೇರಿದಾಗ ಇದು ಮೂವತ್ತೈದು ವರ್ಷದ ಕೆಲಸ. ನಿಮ್ಮ ಕ್ಲರ್ಕಿಗೆ ಇದು ಸದ್ಯಕ್ಕೆ ಸಿಕ್ಕಿದ ಕೆಲಸ, ಬಿಹಾರದ ಹುಡುಗನಿಗೆ ಮನೆಯಿಂದ ಎರಡು ರಾತ್ರಿಯ ರೈಲಿನಷ್ಟು ದೂರದ ಕೆಲಸ. ಎಲ್ಲರಿಗೂ ಒಂದೇ ಕೇಕ್ ಕತ್ತರಿಸಿದರೆ ಯಾರ ಹಸಿವೂ ತೀರುವುದಿಲ್ಲ.

ನನ್ನ ಕೈಯಿಂದ ಆದ ಒಂದು ತಪ್ಪು ಹೇಳುತ್ತೇನೆ. 1991. ಮಲೆನಾಡಿನ ಒಂದು ಶಾಖೆಯಲ್ಲಿ ನಾನು ಹೊಸ ಅಧಿಕಾರಿ. ಕೈಬರಹದ ಖಾತೆ ಪುಸ್ತಕದ ಬದಲು ಲೆಕ್ಕ ದಾಖಲಿಸುವ ಲೆಡ್ಜರ್ ಪೋಸ್ಟಿಂಗ್ ಮಷೀನು ಆಗಷ್ಟೇ ಬಂದಿತ್ತು. ಐವತ್ತಾರು ವರ್ಷದ ಲೆಡ್ಜರ್ ಕ್ಲರ್ಕ್ ಒಬ್ಬರಿದ್ದರು, ಶರಟಿನ ತೋಳಿಗೆ ಮಸಿ ತಾಗದಿರಲೆಂದು ಮೊಣಕೈವರೆಗೆ ಬಟ್ಟೆಯ ಚೀಲ ಹಾಕಿಕೊಳ್ಳುತ್ತಿದ್ದವರು. ಮಷೀನಿನ ಮುಂದೆ ಕೂರಿಸಿದರೆ ಒಂದೊಂದು ಅಕ್ಷರವನ್ನೂ ಹುಡುಕಿ ಒತ್ತುತ್ತಿದ್ದರು. ನನಗೆ ತಾಳ್ಮೆ ಸಾಲಲಿಲ್ಲ. ಟಪಾಲು ವಿಭಾಗಕ್ಕೆ ಹಾಕಿದೆ. ಅವರು ಏನೂ ಅನ್ನಲಿಲ್ಲ. ಆ ತೋಳಿನ ಚೀಲಗಳನ್ನು ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಡ್ರಾಯರಿನಲ್ಲಿಟ್ಟರು. ಮುಂಗಾರಿನ ಬೆಳೆಸಾಲದ ಹೊತ್ತಿಗೆ ಒಬ್ಬ ರೈತರ ಸಾಲ ಇನ್ನೊಬ್ಬರ ಖಾತೆಗೆ ಬಿತ್ತು. ಒಂದೇ ಊರು, ಒಂದೇ ಹೆಸರು, ತಂದೆಯ ಹೆಸರೂ ಒಂದೇ. ಸರಿಮಾಡಲು ಮೂರು ವಾರ ಹಿಡಿಯಿತು, ಅಷ್ಟರಲ್ಲಿ ಆ ರೈತರು ಗೊಬ್ಬರಕ್ಕೆ ಕೈಸಾಲ ಮಾಡಿದ್ದರು. ಲೆಡ್ಜರಿನ ಆ ಹಿರಿಯರನ್ನು ಕೇಳಿದೆ. ‘ಒಬ್ಬ ಹೊಳೆಯಾಚೆಯವ, ಇನ್ನೊಬ್ಬ ಹೊಳೆ ಈಚೆಯವ. ಆಚೆಯವ ಹೆಬ್ಬೆಟ್ಟು, ಈಚೆಯವ ಸಹಿ. ನನ್ನನ್ನು ಯಾರೂ ಕೇಳಲಿಲ್ಲವಲ್ಲ’ ಅಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಬೆರಳು ನಿಧಾನ ಎಂದು ಇಪ್ಪತ್ತು ವರ್ಷದ ತಿಳಿವಳಿಕೆಯನ್ನೇ ಟಪಾಲು ಮೇಜಿಗೆ ತಳ್ಳಿದ್ದೆ.

ನಿಮ್ಮ ಹೆಡ್ ಕ್ಯಾಷಿಯರ್ ಬಳಿ ಟ್ಯಾಬಿನ ಮಾತೆತ್ತುವ ಮೊದಲು ಅವರಿಗೆ ಏನು ಗೊತ್ತು ಅನ್ನುವುದನ್ನು ಕೇಳಿ. ಬೆಳೆಸಾಲದ ನವೀಕರಣ ಬಾಕಿ ಇರುವ ಪಟ್ಟಿ ನಿಮ್ಮ ಬಳಿ ಇದ್ದೇ ಇರುತ್ತದೆ. ಒಂದು ಶುಕ್ರವಾರ ಮಧ್ಯಾಹ್ನ ಅವರನ್ನೂ ಕೃಷಿ ಅಧಿಕಾರಿಯನ್ನೂ ಆ ಪಟ್ಟಿಯ ಮುಂದೆ ಕೂರಿಸಿ. ಯಾವ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆಯಾಗಿದ್ದಾರೆ, ಯಾರು ಮೆಕ್ಕೆಜೋಳ ಮಾರಿದ ಮೇಲೆ ತಾವಾಗಿಯೇ ಕಟ್ಟುತ್ತಾರೆ, ಯಾರ ಮನೆಗೆ ಹೋದರೆ ಮೊದಲು ಮುದುಕಿಯನ್ನು ಮಾತಾಡಿಸಬೇಕು, ಇವೆಲ್ಲ ಯಾವ ಕಂಪ್ಯೂಟರಿನಲ್ಲೂ ಇಲ್ಲ. ಆಮೇಲೆ ಇಬ್ಬರನ್ನೂ ಒಂದೇ ಬೈಕಿನಲ್ಲಿ ಹಳ್ಳಿಗೆ ಕಳಿಸಿ. ಆ ಹುಡುಗ ನಾಲ್ಕು ಕನ್ನಡ ಮಾತು ಕಲಿಯುತ್ತಾನೆ. ಟ್ಯಾಬಿನಲ್ಲಿ ರೈತರ ಫೋಟೊ ತೆಗೆಯುವುದು ಹೇಗೆಂದು ಇವರು ದಾರಿಯಲ್ಲೇ ನೋಡಿಕೊಳ್ಳುತ್ತಾರೆ. ಸಭೆ ಕರೆದು ಕಲಿಸಲು ಹೋದರೆ ಕಲಿಯರು. ಹುಡುಗರ ಮುಂದೆ ತಡವರಿಸುವ ನಾಚಿಕೆಯೇ ಅರ್ಧ ಅಡ್ಡಿ.

ಹುಡುಗರ ವಿಷಯ. ಐದಕ್ಕೆ ಹೊರಡುವುದು ತಪ್ಪಲ್ಲ. ಅವತ್ತಿನ ಕ್ಲೋಸಿಂಗ್ ಮುಗಿಸಿ ಹೊರಡುತ್ತಾರೋ, ಹಾಗೇ ಬಿಟ್ಟು ಹೊರಡುತ್ತಾರೋ, ಅದಷ್ಟೇ ನಿಮಗೆ ಬೇಕು. ಮುಗಿಸಿದ್ದರೆ ಗಡಿಯಾರ ನೋಡಬೇಡಿ. ವಾಟ್ಸಾಪ್ ಗುಂಪಿನ ಬಗ್ಗೆ ನೀವು ಬರೆದಿಲ್ಲ, ಆದರೆ ಇರುತ್ತದೆ. ರಾತ್ರಿ ಹತ್ತಕ್ಕೆ ವಿಮೆಯ ಟಾರ್ಗೆಟ್ ಎಷ್ಟಾಯಿತು ಎಂದು ಅದರಲ್ಲಿ ಹಾಕುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಎಲ್ಲರ ಎದುರು ಯಾರ ಹೆಸರನ್ನೂ ಸೊನ್ನೆಯ ಪಕ್ಕ ಬರೆಯಬೇಡಿ. ಒಬ್ಬರಿಗೆ ಹೇಳುವುದಿದ್ದರೆ ಕ್ಯಾಬಿನ್ನಿಗೆ ಕರೆದು ಹೇಳಿ. ಗೋಡೆಯ ಫೋಟೊ ತೆಗೆದುಬಿಡಿ. ಏಳು ಜನರ ಶಾಖೆಯಲ್ಲಿ ಒಬ್ಬರು ಉತ್ತಮರಾದರೆ ಉಳಿದವರು ಏನು? ಕೇಕ್ ಇರಲಿ. ಅಟೆಂಡರ್ ಹುಟ್ಟುಹಬ್ಬಕ್ಕೂ ತರಿಸುತ್ತೀರಿ ತಾನೆ?

ಫಾರಂನಲ್ಲಿ ಸತ್ಯ ಬರೆಯುವಷ್ಟು ನಂಬಿಕೆ ಇನ್ನೂ ಬಂದಿಲ್ಲ, ಅಷ್ಟೆ. ನಂಬಿಕೆ ಬರುವುದು ರಜೆಯಿಂದ. ಯಾರಾದರೂ ಮನೆಯ ತೊಂದರೆಗೆ ರಜೆ ಕೇಳಿದರೆ ‘ನೋಡೋಣ’ ಅನ್ನಬೇಡಿ, ಆ ಕೂಡಲೇ ಹೌದು ಅಥವಾ ಇಲ್ಲ ಅನ್ನಿ. ಬಿಹಾರದ ಹುಡುಗನಿಗೆ ಛಠ್ ಹಬ್ಬಕ್ಕೆ ಊರಿಗೆ ಹೋಗಬೇಕಿರುತ್ತದೆ, ರೈಲಿನ ಟಿಕೆಟ್ ಎರಡು ತಿಂಗಳು ಮೊದಲೇ ಮಾಡಿಸಬೇಕು. ಅವನು ಕೇಳುವ ಮೊದಲು ನೀವೇ ಕೇಳಿ.

ಪತ್ರದ ತುಂಬ ಬೇರೆಯವರ ಸಂಗತಿಯೇ ಇದೆ, ನಿಮ್ಮ ಬಗ್ಗೆ ಒಂದೇ ಸಾಲು: ಮಗಳು ಮಲಗಿದ ಮೇಲೆ ಮನೆ. ಅದನ್ನು ಓದಿ ನನಗೆ ಸಂಕಟವಾಯಿತು. ವಾರದಲ್ಲಿ ಎರಡು ದಿನವಾದರೂ ಬೆಳಕಿರುವಾಗ ಮನೆಗೆ ಹೋಗಿ, ಹೋಗುವಾಗ ಎಲ್ಲರಿಗೂ ಹೇಳಿ ಹೋಗಿ. ನೀವು ಕೂತಿರುವವರೆಗೂ ಉಳಿದವರು ಕದ್ದು ಹೊರಟ ಹಾಗೆ ಹೊರಡಬೇಕಾಗುತ್ತದೆ.

ಪ್ರಶ್ನೆ: ನನಗೆ 58, ಕ್ಯಾಷ್ ವಿಭಾಗ. 1989ರಲ್ಲಿ ಸೇರಿದೆ. ನಾವು ಸೇರಿದ ಬ್ಯಾಂಕು ಈಗ ಇಲ್ಲ, ದೊಡ್ಡ ಬ್ಯಾಂಕಿನಲ್ಲಿ ಸೇರಿಹೋಯಿತು. ಹಳೆಯ ಬೋರ್ಡ್ ಇಳಿಸಿದ ದಿನ ನಾನು ಹಿಂದಿನ ಕೋಣೆಗೆ ಹೋಗಿ ನಿಂತಿದ್ದೆ. ಈಗಿನ ಹುಡುಗರು ‘ಅಂಕಲ್’ ಅನ್ನುತ್ತಾರೆ, ಕಂಪ್ಯೂಟರ್ ಕೆಲಸ ನನ್ನ ಕೈಯಿಂದ ಕಿತ್ತುಕೊಂಡು ತಾವೇ ಮಾಡಿಬಿಡುತ್ತಾರೆ. ಸ್ವಯಂ ನಿವೃತ್ತಿ ತೆಗೆದುಕೊಳ್ಳಲೇ?
— ಉಡುಪಿ ಜಿಲ್ಲೆಯ ಓದುಗರು

ಉತ್ತರ: ಬೋರ್ಡ್ ಇಳಿಸಿದ ದಿನದ ಸಂಕಟಕ್ಕೆ ನಾಚಬೇಡಿ. ನಿಮ್ಮದು ಬ್ಯಾಂಕು ಹುಟ್ಟಿಸಿ, ಕಳೆದುಕೊಂಡ ಜಿಲ್ಲೆ. ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ 1925ರಲ್ಲಿ ಹುಟ್ಟಿದ್ದು ಉಡುಪಿಯಲ್ಲೇ. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಹೋಗಿ ಸಂಗ್ರಹಿಸುವ ಪಿಗ್ಮಿ 1928ರಲ್ಲಿ ಶುರುವಾದದ್ದೂ ಅಲ್ಲೇ. ರಾಜ್ಯದ ಬ್ಯಾಂಕುಗಳ ಪೈಕಿ ಮೈಸೂರು ಬ್ಯಾಂಕ್ 2017ರಲ್ಲಿ ಹೋಯಿತು, ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ, ಎಲ್ಲವೂ ಏಪ್ರಿಲ್ ಒಂದರಂದು. ಮೂವತ್ತು ವರ್ಷ ‘ನಮ್ಮ ಬ್ಯಾಂಕ್’ ಅಂದವರಿಗೆ ಹೊಸ ಐಡಿ ಕಾರ್ಡ್ ಕೊಟ್ಟು, ನಾಳೆಯಿಂದ ಇದು ನಿಮ್ಮ ಬ್ಯಾಂಕ್ ಅಂದರೆ ಮನಸ್ಸು ಅಷ್ಟು ಬೇಗ ಒಪ್ಪುವುದಿಲ್ಲ. ಈ ದುಃಖವನ್ನು ಯಾವ ಆಡಳಿತವೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಹಣದ ಮಾತು ಬೇರೆ. ಪೂರ್ಣ ಪಿಂಚಣಿಗೆ ಬೇಕಾದ 33 ವರ್ಷದ ಸೇವೆ ನಿಮ್ಮದು ಮುಗಿದಿದೆ. ಕೊನೆಯ ಹತ್ತು ತಿಂಗಳ ಸರಾಸರಿ ಸಂಬಳದ ಮೇಲೆ ಪಿಂಚಣಿ ನಿಗದಿಯಾಗುತ್ತದೆ. ಈಗ ಹೊರಟರೆ ಎಷ್ಟು, ಅರವತ್ತಕ್ಕೆ ಹೊರಟರೆ ಎಷ್ಟು ಎಂದು ಸಂಬಳ ವಿಭಾಗದಿಂದ ಲಿಖಿತವಾಗಿ ಪಡೆದು ಮನೆಯವರ ಜೊತೆ ಕೂತು ನೋಡಿ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಬೇಸರದ ವಾರದಲ್ಲಿ ಅರ್ಜಿ ಕೊಟ್ಟು ಆಮೇಲೆ ಪರಿತಪಿಸಿದವರನ್ನು 2001ರಲ್ಲಿ ಕಣ್ಣಾರೆ ಕಂಡಿದ್ದೇನೆ.

ಹುಡುಗರು ಕೆಲಸ ಕಿತ್ತುಕೊಳ್ಳುವುದು ನಿಮ್ಮನ್ನು ಕಡೆಗಣಿಸಿ ಅಲ್ಲ, ಸಾಲು ಉದ್ದವಾದಾಗಿನ ಅವಸರ. ‘ಮಾಡಬೇಡ, ತೋರಿಸು’ ಅನ್ನಿ, ಒಂದೇ ಮಾತು. ನಿಮ್ಮ ಬಳಿ ಇರುವುದನ್ನೂ ಅವರಿಗೆ ಕೊಡಿ. 2016ರ ನವೆಂಬರಿನಲ್ಲಿ ಐನೂರು, ಸಾವಿರದ ನೋಟು ರದ್ದಾದಾಗ ಎರಡನೇ ಶನಿವಾರ, ಭಾನುವಾರ ಎನ್ನದೆ ಕೂತು ಎಣಿಸಿದ್ದು ನಿಮ್ಮಂಥವರ ಕೈಗಳು. ಬೆರಳ ತುದಿಯಲ್ಲೇ ಖೋಟಾ ನೋಟು ಹಿಡಿಯುವುದು, ಕ್ಯಾಷ್ ಕಡಿಮೆ ಬಂದರೆ ಗಾಬರಿಯಾಗದೆ ಚಲನ್‌ಗಳನ್ನು ಹಿಂದಿನಿಂದ ನೋಡುತ್ತ ಬರುವುದು, ಇದನ್ನು ಇಪ್ಪತ್ತೈದು ವರ್ಷದ ಹುಡುಗಿಗೆ ಯಾರು ಕಲಿಸಬೇಕು? ಮೊದಲ ಸಲ ಐನೂರು ರೂಪಾಯಿ ಕಡಿಮೆ ಬಂದಾಗ ಅವಳು ಅಳುತ್ತಾಳೆ. ಆ ಸಂಜೆ ನೀವು ಪಕ್ಕದಲ್ಲಿರಬೇಕು. ‘ಅಂಕಲ್’ ಬೇಡವೆನಿಸಿದರೆ ‘ಸರ್ ಅನ್ನಮ್ಮ’ ಎಂದು ನೇರ ಹೇಳಿಬಿಡಿ.

ಪ್ರಶ್ನೆ: ನನಗೆ 26, ಬ್ಯಾಂಕಿನಲ್ಲಿ ಕ್ಲರ್ಕ್. ಕೆಎಎಸ್‌ಗೆ ಓದುತ್ತಿದ್ದೇನೆ. ಪುಸ್ತಕವನ್ನು ಡ್ರಾಯರಿನಲ್ಲಿ ಚಲನ್ ಕಟ್ಟುಗಳ ಕೆಳಗೆ ಇಟ್ಟಿರುತ್ತೇನೆ. ಹಿರಿಯರು ‘ಈಗಿನವರಿಗೆ ನಿಷ್ಠೆ ಇಲ್ಲ’ ಅನ್ನುವಾಗ ನನಗೇ ಹೇಳಿದ ಹಾಗಾಗುತ್ತದೆ.
— ಕಲಬುರಗಿ ಓದುಗಳು

ಉತ್ತರ: ಇನ್ನೊಂದು ಪರೀಕ್ಷೆಗೆ ಓದುವುದು ದ್ರೋಹವಲ್ಲಮ್ಮ. ನಿಷ್ಠೆಯನ್ನು ಇವತ್ತು ಕೌಂಟರಿಗೆ ಬಂದ ಅಜ್ಜಿಯ ಪಾಸ್‌ಬುಕ್ ಎಂಟ್ರಿ ಸರಿಯಾಗಿ ಹಾಕಿಕೊಟ್ಟೆಯಾ ಅನ್ನುವುದರಲ್ಲಿ ಅಳೆಯಬೇಕೇ ಹೊರತು ನೀನು ಎಷ್ಟು ವರ್ಷ ಇರುತ್ತೀಯ ಅನ್ನುವುದರಲ್ಲಲ್ಲ. ಬ್ಯಾಂಕಿನ ಹೊತ್ತಿನಲ್ಲಿ ಮಾತ್ರ ಪುಸ್ತಕ ತೆರೆಯಬೇಡ, ಊಟದ ಹೊತ್ತು ನಿನ್ನದು. ಹಿರಿಯರಿಗೆ ನೀನೇ ಹೇಳಿಬಿಡು. ಅವರ ಮನೆಯಲ್ಲೂ ನಿನ್ನ ವಯಸ್ಸಿನ ಮಗನೋ ಮಗಳೋ ಯಾವುದೋ ಪರೀಕ್ಷೆಗೆ ಓದುತ್ತಿರಬಹುದು. ಮುಚ್ಚಿಟ್ಟದ್ದು ಗೊತ್ತಾದಾಗ ಆಗುವ ನೋವು ಹೇಳಿದ್ದರಿಂದ ಆಗುವುದಿಲ್ಲ. ಬೇರೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಲು ಬ್ಯಾಂಕಿನ ಎನ್‌ಒಸಿ (ಅಭ್ಯಂತರವಿಲ್ಲ ಎಂಬ ಪತ್ರ) ಬೇಕಾಗುತ್ತದೆ, ಅದನ್ನು ಕೊನೆಯ ವಾರಕ್ಕೆ ಉಳಿಸಿಕೊಳ್ಳಬೇಡ. ರಜೆಯ ಅರ್ಜಿಯನ್ನೂ ಈಗಲೇ ಕೊಡು. ಕಾರಣ ಕೇಳುವ ಸಾಲಿನಲ್ಲಿ ‘ಮನೆಯ ಕೆಲಸ’ ಎಂದು ಬರೆಯದೆ ‘ಪರೀಕ್ಷೆ’ ಎಂದೇ ಬರೆ.