ನಿಮ್ಮ ಪ್ರಶ್ನೆ: ಎಸಿ 20ಕ್ಕೆ ಇಟ್ಟರೂ ಧಗೆ ಯಾಕೆ ಹೋಗಲ್ಲ?

ಮನೆ, ಆಫೀಸು, ಅಂಗಡಿ ಒಳಗಿನ ಸೆಕೆ-ಚಳಿ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂದಿದ್ದೆವು. ದಾವಣಗೆರೆ, ಚಿತ್ರದುರ್ಗದ ಕಡೆಯಿಂದಲೇ ಪತ್ರಗಳು ಜಾಸ್ತಿ ಬಂದಿವೆ. ಆ ಕಡೆಯ ಏಪ್ರಿಲ್ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಏನಿಲ್ಲ ಬಿಡಿ. ಒಂದೇ ಥರದವನ್ನು ಒಟ್ಟು ಮಾಡಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಸರ್, ವಿದ್ಯಾನಗರದಲ್ಲಿ ನಮ್ಮದು ಮೊದಲನೇ ಮಹಡಿ ಮನೆ. ಮೇಲೆ ಬರೀ ತಾರಸಿ. ಈ ಬೇಸಿಗೆಗೆ ಬೆಡ್‌ರೂಮಿಗೆ ಒಂದೂವರೆ ಟನ್ ಎಸಿ ಹಾಕಿಸಿದೆವು. ರಾತ್ರಿ 20ಕ್ಕೆ ಇಟ್ಟರೂ ಮೈ ಉರಿ ಹೋಗಲ್ಲ. ಮೆಕ್ಯಾನಿಕ್ ನೋಡಿ ಗ್ಯಾಸ್ ಸರಿ ಇದೆ ಅಂದರು. ಟೇಬಲ್ ಮೇಲಿನ ಥರ್ಮಾಮೀಟರ್ 26 ತೋರಿಸುತ್ತೆ. ನಮ್ಮ ಯಜಮಾನರು ಎರಡು ಟನ್ ತರೋಣ ಅಂತಿದ್ದಾರೆ. ತರಬೇಕಾ? (ಗೃಹಿಣಿ, ದಾವಣಗೆರೆ)

ಉತ್ತರ: ಬೇಡ ಅಕ್ಕಾ. ಆ ದುಡ್ಡನ್ನು ತಾರಸಿಗೆ ಹಾಕಿ.

ರಾತ್ರಿ ಒಂಬತ್ತಕ್ಕೆ ಸ್ಟೂಲ್ ಹತ್ತಿ ಸೀಲಿಂಗಿಗೆ ಅಂಗೈ ಒತ್ತಿ ನೋಡಿ. ಬೆಚ್ಚಗಿರುತ್ತೆ. ಕಳ್ಳ ಅಲ್ಲೇ ಇದ್ದಾನೆ. ಆರ್‌ಸಿಸಿ ಸ್ಲ್ಯಾಬು ಬೆಳಗ್ಗೆಯಿಂದ ಬಿಸಿಲು ಕುಡಿಯುತ್ತೆ. ಬೇಸಿಗೆ ಮಧ್ಯಾಹ್ನ ಅದರ ಮೇಲ್ಮೈ 50 ಡಿಗ್ರಿ ದಾಟುವುದು ಮಾಮೂಲು. ಐದಿಂಚಿನ ಸ್ಲ್ಯಾಬಿನಲ್ಲಿ ಆ ಬಿಸಿ ಕೆಳಗಿನ ಮುಖಕ್ಕೆ ಇಳಿಯಲು ಮೂರ್ನಾಲ್ಕು ಗಂಟೆ ಬೇಕು. ಹಾಗಾಗಿ ಸಂಜೆ ಹೊರಗೆ ತಂಪಾಗುವ ಹೊತ್ತಿಗೆ ಸರಿಯಾಗಿ ಒಳಗೆ ಕಾವು ಶುರುವಾಗುತ್ತೆ. ಹೋಟೆಲಿನವರು ಬೆಣ್ಣೆ ದೋಸೆ ಕಾವಲಿಯ ಒಲೆ ಆರಿಸಿದ ಮೇಲೂ ಅದರ ಹತ್ತಿರ ನಿಲ್ಲೋಕಾಗಲ್ಲವಲ್ಲ, ಅದನ್ನೇ ಮಗುಚಿ ನಿಮ್ಮ ಮಂಚದ ಮೇಲೆ ಇಟ್ಟಂತಾಯಿತು.

ಥರ್ಮಾಮೀಟರ್ ಹೇಳುವುದು ಹೆಚ್ಚುಕಡಿಮೆ ಗಾಳಿಯ ಬಿಸಿ ಮಾತ್ರ. ನಮ್ಮ ಮೈ ಹಾಗಲ್ಲ, ಅದು ಸುತ್ತಲಿನ ಗೋಡೆ, ಸೀಲಿಂಗು, ನೆಲ ಎಲ್ಲದರ ಜೊತೆಗೂ ಬಿಸಿಯನ್ನು ಕೊಟ್ಟು ತೆಗೆದುಕೊಂಡು ಮಾಡುತ್ತಲೇ ಇರುತ್ತೆ, ನಡುವಿನ ಗಾಳಿ ತಂಪಾಗಿದ್ದರೂ ಈ ಲೇವಾದೇವಿ ನಿಲ್ಲೋದಿಲ್ಲ. ಗಾಳಿ ಹೆಚ್ಚು ಓಡಾಡದ ಕೋಣೆಯಲ್ಲಿ ಮೈಗೆ ತಾಗುವ ಬಿಸಿಯನ್ನು ಲೆಕ್ಕ ಹಾಕಲು ಎಂಜಿನಿಯರುಗಳು ಗಾಳಿಯ ಬಿಸಿ, ಸುತ್ತಲಿನ ಗೋಡೆ-ಸೀಲಿಂಗು-ನೆಲದ ಬಿಸಿ ಎರಡರ ಸರಾಸರಿ ತೆಗೆಯುತ್ತಾರೆ. ಗಾಳಿ 26 ಇದ್ದು, ಸೀಲಿಂಗು-ಗೋಡೆ ಸೇರಿ 36ರ ಹತ್ತಿರ ಇದ್ದರೆ, ನಿಮಗೆ ಅನ್ನಿಸುವುದು 31. ಎರಡು ಟನ್ ಎಸಿ ತಂದರೂ ಅದು ಗಾಳಿಯನ್ನು ಬೇಗ ತಂಪು ಮಾಡಿ ಆಫ್ ಆಗುತ್ತೆ, ಸ್ಲ್ಯಾಬು ತನ್ನ ಪಾಡಿಗೆ ತಾನು ಕಾವು ಬಿಡುತ್ತಾ ಇರುತ್ತೆ, ಬಿಲ್ ಮಾತ್ರ ನಿಮ್ಮದು.

ಮಾಡಬೇಕಾದ್ದು ಇಷ್ಟು. ತಾರಸಿ ಗುಡಿಸಿ, ತೊಳೆದು, ಬಿಳಿ ಬಳಿಸಿ. ಸುಣ್ಣವಾದರೂ ಸರಿ, ಆದರೆ ಮಳೆಗೆ ಹೋಗುತ್ತೆ, ವರ್ಷವರ್ಷ ಬಳಿಯಬೇಕು. ಕೂಲ್ ರೂಫ್ ಪೇಂಟ್ ಅಂತ ಸಿಗುವುದು ಜಾಸ್ತಿ ಬಾಳುತ್ತೆ. ಒಡೆದ ಬಿಳಿ ಟೈಲ್ಸ್ ಚೂರು ಹಾಸಿಸುವುದು ಹಳೇ ಪದ್ಧತಿ, ಈಗಲೂ ಒಳ್ಳೆಯದೇ. ಯಾವುದೇ ಆದರೂ ಧೂಳು ಕೂತು ಕಪ್ಪಾದರೆ ಕೆಲಸ ಅರ್ಧ ಕೆಟ್ಟಂತೆ, ಬೇಸಿಗೆಯಲ್ಲಿ ಆಗಾಗ ಗುಡಿಸಬೇಕು. ಅಕ್ಕಪಕ್ಕದವರು ನಕ್ಕರೆ ನಗಲಿ, ತೆಲಂಗಾಣದಲ್ಲಿ 2023ರಲ್ಲಿ ಸರ್ಕಾರವೇ ಇದಕ್ಕೊಂದು ನೀತಿ ತಂದಿದೆ. ಸಂಜೆ ತಾರಸಿಗೆ ನೀರು ಚೆಲ್ಲುವುದೂ ಕೆಲಸ ಮಾಡುತ್ತೆ. ಆದರೆ ಏಪ್ರಿಲ್‌ನಲ್ಲಿ ನಲ್ಲಿ ನೀರಿಗೆ ಕಾಯುವ ಊರಲ್ಲಿ ಈ ಸಲಹೆ ಕೊಡೋಕೆ ನನಗೆ ಬಾಯಿ ಬರೋದಿಲ್ಲ. ಒಳಗಡೆ ಪಿಒಪಿ ಸೀಲಿಂಗ್ ಮಾಡಿಸಿ ಅಂತ ಯಾರಾದರೂ ಹೇಳಿದರೆ, ಅಂದಕ್ಕೆ ಬೇಕಿದ್ದರೆ ಮಾಡಿಸಿ. ಸ್ವಲ್ಪ ತಡೆಯುತ್ತೆ, ಇಲ್ಲ ಅನ್ನಲ್ಲ, ಆದರೆ ಬಿಸಿಲನ್ನು ತಾರಸಿಯ ಮೇಲೆಯೇ ತಡೆಯುವುದಕ್ಕೂ, ಸ್ಲ್ಯಾಬಿಗೆ ಇಳಿದ ಮೇಲೆ ಕೆಳಗೆ ಪರದೆ ಕಟ್ಟುವುದಕ್ಕೂ ವ್ಯತ್ಯಾಸ ಇದೆ.

ಇಷ್ಟಾದ ಮೇಲೆ ಎಸಿ 26ಕ್ಕೆ ಇಟ್ಟು ಫ್ಯಾನ್ ನಿಧಾನಕ್ಕೆ ಹಾಕಿ ಮಲಗಿ. 2020ರ ಜನವರಿಯಿಂದ ದೇಶದಲ್ಲಿ ಸ್ಟಾರ್ ಗುರುತಿನ ರೂಮ್ ಎಸಿಗಳು ಆನ್ ಮಾಡಿದಾಗ ತಾವಾಗಿಯೇ 24ಕ್ಕೆ ಬರಬೇಕು ಅಂತ ನಿಯಮ ಇದೆ. ರಿಮೋಟ್ ಕೈಗೆ ಸಿಕ್ಕ ಕೂಡಲೇ 18ಕ್ಕೆ ಇಳಿಸುವುದು ನಮ್ಮ ಅಭ್ಯಾಸ. 18ಕ್ಕೆ ಇಟ್ಟರೆ ಬೇಗ ತಂಪಾಗುತ್ತೆ ಅನ್ನೋದು ಸುಮ್ನೆ ನಂಬಿಕೆ. ಮಾಮೂಲಿ ಎಸಿ 24ಕ್ಕೂ ಅದೇ ವೇಗದಲ್ಲಿ ಓಡುತ್ತೆ, ನಿಲ್ಲುವ ಜಾಗ ಮಾತ್ರ ಬೇರೆ.

ಪ್ರಶ್ನೆ: ನಾನು ಕೆಲಸ ಮಾಡುವ ಆಫೀಸಿನ ಹಾಲ್‌ನಲ್ಲಿ ಎಸಿ ರಿಮೋಟಿಗೆ ದಿನಾ ಜಗಳ. ಗಂಡಸರಿಗೆ 20 ಬೇಕು. ನಾವು ಹೆಣ್ಣುಮಕ್ಕಳು ಮೇ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು ಕೂರುತ್ತೇವೆ. ಎಲ್ಲರಿಗೂ ಸರಿಹೋಗುವ ಒಂದು ನಂಬರ್ ಹೇಳಿ ಸರ್, ಗೋಡೆಗೆ ಅಂಟಿಸುತ್ತೇವೆ. (ಉದ್ಯೋಗಿ, ದಾವಣಗೆರೆ)

ಉತ್ತರ: ಅಂಥ ನಂಬರ್ ಇಲ್ಲ ಮೇಡಂ. ಇದನ್ನೇ ಜೀವನವಿಡೀ ಓದಿದ ಡೆನ್ಮಾರ್ಕಿನ ಎಂಜಿನಿಯರ್ ಓಲೆ ಫ್ಯಾಂಗರ್ 1970ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಏನೇ ಮಾಡಿ, ನೂರು ಜನರಲ್ಲಿ ಐದು ಜನ ಆದರೂ ಗೊಣಗುತ್ತಾರೆ. ಅವರ ಲೆಕ್ಕದಲ್ಲಿ ಆರು ಸಂಗತಿಗಳಿವೆ. ಗಾಳಿಯ ಬಿಸಿ, ಮೇಲೆ ಅಕ್ಕನವರಿಗೆ ಹೇಳಿದ ಸುತ್ತಲಿನ ಗೋಡೆ-ಸೀಲಿಂಗಿನ ಬಿಸಿ, ಗಾಳಿಯ ವೇಗ, ಗಾಳಿಯಲ್ಲಿನ ತೇವ, ತೊಟ್ಟ ಬಟ್ಟೆ, ಮಾಡುತ್ತಿರುವ ಕೆಲಸ. ನಿಮ್ಮ ರಿಮೋಟ್ ಹಿಡಿಯುವುದು ಇದರಲ್ಲಿ ಮುಖ್ಯವಾಗಿ ಒಂದನ್ನು. ಉಳಿದ ಐದಕ್ಕೆ ರಿಮೋಟ್ ಇಲ್ಲ, ಜಗಳ ಮುಗಿಯದೇ ಇರುವುದು ಅದಕ್ಕೇ.

ನಿಮ್ಮ ದೂರು ನ್ಯಾಯವಾದದ್ದೇ. ಕೂತು ಕೆಲಸ ಮಾಡುವವರ ಮೈ ಎಷ್ಟು ಬಿಸಿ ಹುಟ್ಟಿಸುತ್ತೆ ಅನ್ನುವ ಹಳೇ ಅಂಕಿ 70 ಕೆಜಿ ತೂಕದ, ನಲವತ್ತು ವರ್ಷದ ಗಂಡಸಿನದು. ಹೆಂಗಸರ ಮೈ ನಿಜವಾಗಿ ಹುಟ್ಟಿಸುವ ಬಿಸಿಗಿಂತ ಈ ಅಂಕಿ 35 ಶೇಕಡಾದವರೆಗೂ ಜಾಸ್ತಿ ಇರಬಹುದು ಅಂತ ನೆದರ್ಲೆಂಡ್ಸಿನ ಇಬ್ಬರು ಸಂಶೋಧಕರು 2015ರಲ್ಲಿ ತೋರಿಸಿದರು. ಅಂದರೆ ನಿಮ್ಮ ಒಳಗಿನ ಒಲೆ ಸ್ವಲ್ಪ ಸಣ್ಣದು, ನಿಮಗೆ ಚಳಿ ಬೇಗ. ನಿಮ್ಮ ಗಂಡಸು ಸಹೋದ್ಯೋಗಿಗಳು ಬನಿಯನ್, ಅದರ ಮೇಲೆ ತುಂಬುತೋಳಿನ ಶರ್ಟು, ಪ್ಯಾಂಟು, ಸಾಕ್ಸು, ಬೂಟು ಹಾಕಿಕೊಂಡು ಸೆಕೆ ಸೆಕೆ ಅಂತಾರೆ. ಮೊದಲು ಅವರು ತೋಳು ಮಡಚಲಿ.

ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ನಮ್ಮ ದೇಶದ ಆಫೀಸುಗಳನ್ನೇ ಸುತ್ತಿ ಜನರನ್ನು ಕೇಳಿ ಬೇರೆ ಲೆಕ್ಕ ಮಾಡಿದ್ದಾರೆ. ಹೊರದೇಶದ ಸೂತ್ರಗಳು ಹೇಳುವುದಕ್ಕಿಂತ ಹೆಚ್ಚಿನ ಬಿಸಿಗೂ ನಮ್ಮವರು ಹೊಂದಿಕೊಳ್ಳುತ್ತಾರೆ, ಅದರಲ್ಲೂ ಕಿಟಕಿ ತೆಗೆಯುವ, ಫ್ಯಾನ್ ಹಾಕುವ ಸ್ವಾತಂತ್ರ್ಯ ಇರುವ ಕಟ್ಟಡಗಳಲ್ಲಿ. ಹಾಗಾಗಿ 26ಕ್ಕೆ ಇಟ್ಟು, ಸೆಕೆ ಅನ್ನುವವರ ಟೇಬಲ್ಲಿಗೆ ಸಣ್ಣ ಫ್ಯಾನ್ ಕೊಡಿಸಿ. ಎಸಿ ಗಾಳಿ ನೇರ ಬೀಳುವ ಕುರ್ಚಿಗೆ ಸೆಕೆ ಜಾಸ್ತಿ ಇರುವವರನ್ನು ಕೂರಿಸಿ. ಪಶ್ಚಿಮದ ಗಾಜಿನ ಪಕ್ಕ ಕೂತವರು ಗೊಣಗಿದರೆ ಅವರ ಮೇಲೆ ಸಿಟ್ಟಾಗಬೇಡಿ, ಅಲ್ಲಿ ನಿಜವಾಗಿಯೂ ಬಿಸಿ, ಹೊರಗಿನಿಂದ ಒಂದು ಪರದೆ ಇಳಿಬಿಡಿ.

ಪ್ರಶ್ನೆ: ಚಳ್ಳಕೆರೆ ಕಡೆ ನಮ್ಮ ಅಜ್ಜನ ಮಣ್ಣಿನ ಮಾಳಿಗೆ ಮನೆ ಬೇಸಿಗೆಯಲ್ಲೂ ತಣ್ಣಗಿತ್ತು. ಈಗ ಚಿತ್ರದುರ್ಗದಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಹಾಗೇ ಕಟ್ಟಬಹುದೇ? ಕಂಟ್ರಾಕ್ಟರ್ ನಗುತ್ತಾನೆ. (ನಿವೃತ್ತ ಶಿಕ್ಷಕ)

ಉತ್ತರ: ಮೇಷ್ಟ್ರೇ, ತಣ್ಣಗಿತ್ತು ನಿಜ. ಒಂದೂವರೆ-ಎರಡು ಅಡಿ ದಪ್ಪದ ಗೋಡೆ ದಾಟಿ ಬಿಸಿ ಒಳಗೆ ಬರಲು ಹತ್ತು-ಹನ್ನೆರಡು ಗಂಟೆ ಬೇಕು, ಅಷ್ಟರಲ್ಲಿ ರಾತ್ರಿಯಾಗಿ ಗೋಡೆ ಮತ್ತೆ ಆರುತ್ತೆ. ನಮ್ಮ ಬಯಲುಸೀಮೆಯಲ್ಲಿ ಬೇಸಿಗೆ ಹಗಲು ಉರಿದರೂ ರಾತ್ರಿ ಇಳಿಯುತ್ತೆ, ಅದಕ್ಕೇ ಇದು ಇಲ್ಲಿ ಫಲಿಸಿತು. ಮಂಗಳೂರಿನಲ್ಲಿ ಇದೇ ಗೋಡೆ ಕಟ್ಟಿದರೆ ಇಷ್ಟು ಪ್ರಯೋಜನ ಇಲ್ಲ, ಅಲ್ಲಿ ರಾತ್ರಿಯೂ ಬೆಚ್ಚಗೆ. ಆದರೆ ಅಜ್ಜನ ಮನೆಯಲ್ಲಿ ಕತ್ತಲೆ, ಹೊಗೆ, ಚೇಳು, ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹೊರುವ ಕೆಲಸ, ಇವೂ ಇದ್ದವು. ಹೊತ್ತವರನ್ನು ಕೇಳಿ, ಅಷ್ಟೊಂದು ಹೊಗಳುವುದಿಲ್ಲ.

ಗುಣ ಮಾತ್ರ ತೆಗೆದುಕೊಳ್ಳಿ. ಪಶ್ಚಿಮದ ಗೋಡೆ ದಪ್ಪ ಇರಲಿ, ಆ ಕಡೆ ಬಚ್ಚಲು, ಸ್ಟೋರು, ಮೆಟ್ಟಿಲು ಬರಲಿ, ಮಲಗುವ ಕೋಣೆ ಬೇಡ. ಕಿಟಕಿಗೆ ಅಗಲವಾದ ಸಜ್ಜೆ ಹಾಕಿಸಿ. ಜೂನ್ ಹೊತ್ತಿಗೆ ದುರ್ಗದಲ್ಲಿ ಗಾಳಿ ಹೇಗೆ ಬೀಸುತ್ತೆ ನಿಮಗೇ ಗೊತ್ತು, ಗುಡ್ಡದ ಮೇಲೆ ಗಾಳಿ ಗಿರಣಿ ನಿಲ್ಲಿಸಿದ್ದಾರೆ ಅಂದರೆ ಸುಮ್ನೆ ಅಲ್ಲ. ಎದುರುಬದುರು ಕಿಟಕಿ ಇಟ್ಟರೆ ಆ ಗಾಳಿ ಪುಕ್ಕಟೆ. ಬೇಸಿಗೆಯಲ್ಲಿ ಮಾತ್ರ ಬೆಳಗ್ಗೆ ಒಂಬತ್ತರೊಳಗೆ ಕಿಟಕಿ ಮುಚ್ಚಿ ಪರದೆ ಎಳೆದು, ಕತ್ತಲಾಗಿ ಹೊರಗೆ ಆರಿದ ಮೇಲೆ ತೆಗೆಯಬೇಕು. ನಮ್ಮವರು ಮಧ್ಯಾಹ್ನ ಗಾಳಿ ಬರಲಿ ಅಂತ ತೆಗೆದು, ರಾತ್ರಿ ಸೊಳ್ಳೆ ಬರುತ್ತೆ ಅಂತ ಮುಚ್ಚುತ್ತಾರೆ. ಉಲ್ಟಾ. ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸುವುದು ಎಸಿಗಿಂತ ಎಷ್ಟೋ ಅಗ್ಗ.

ಪ್ರಶ್ನೆ: ಪಿಜಿ ರೂಮಿಗೆ ಕೂಲರ್ ತಂದೆ. ಏಪ್ರಿಲ್‌ನಲ್ಲಿ ಸೂಪರ್ ಇತ್ತು. ಈಗ ಜುಲೈನಲ್ಲಿ ಮೈಯೆಲ್ಲ ಅಂಟಂಟು. ಕೆಟ್ಟಿದೆಯಾ? (ವಿದ್ಯಾರ್ಥಿ, ನಿಟ್ಟುವಳ್ಳಿ)

ಉತ್ತರ: ಕೆಟ್ಟಿಲ್ಲ ತಮ್ಮಾ. ಕೂಲರ್ ನೀರನ್ನು ಆವಿ ಮಾಡಿ ತಂಪು ಮಾಡುತ್ತೆ. ಏಪ್ರಿಲ್‌ನಲ್ಲಿ ದಾವಣಗೆರೆ ಗಾಳಿ ಒಣ, ನೀರು ಬೇಗ ಆವಿಯಾಗುತ್ತೆ. ಮಳೆಗಾಲದಲ್ಲಿ ಗಾಳಿಗೆ ಆಗಲೇ ಹೊಟ್ಟೆ ತುಂಬಿದೆ, ಕೂಲರ್ ನೀರೂ ಆವಿಯಾಗಲ್ಲ, ನಿನ್ನ ಬೆವರೂ ಆರಲ್ಲ. ನೀರು ಖಾಲಿ ಮಾಡಿ ಬರೀ ಫ್ಯಾನ್ ಥರ ಬಳಸು. ಇನ್ನೊಂದು, ಬೇಸಿಗೆಯಲ್ಲಿ ಕೂಲರ್ ಹಾಕಿದಾಗ ಕಿಟಕಿ ತೆಗೆದಿಡು. ಎಸಿ ಥರ ಎಲ್ಲ ಮುಚ್ಚಿದರೆ ಏಪ್ರಿಲ್‌ನಲ್ಲೂ ಇದೇ ಗತಿ.

ಪ್ರಶ್ನೆ: ನಮ್ಮದು ಮಂಡಕ್ಕಿ ಭಟ್ಟಿ, ತಗಡಿನ ಶೆಡ್ಡು. ಹುರಿಯುವವರಿಗೆ ದೊಡ್ಡ ಫ್ಯಾನ್ ಇಟ್ಟರೂ ತಡೆಯೋಕಾಗಲ್ಲ ಅಂತಾರೆ. ಇನ್ನೊಂದು ಫ್ಯಾನ್ ತರಬೇಕಾ? (ಭಟ್ಟಿ ಮಾಲೀಕ, ದಾವಣಗೆರೆ)

ಉತ್ತರ: ಯಜಮಾನ್ರೇ, ಅಲ್ಲಿ ಬಿಸಿ ಮೂರು ಕಡೆಯಿಂದ. ಎದುರಿಗೆ ಬೆಂಕಿ, ತಲೆ ಮೇಲೆ ಕಾದ ತಗಡು, ಮತ್ತೆ ಅವರ ಮೈಯೊಳಗಿನದು. ಸುಮ್ಮನೆ ಕೂತವನ ಮೈ ಸುಮಾರು 100 ವಾಟ್ ಬಿಸಿ ಬಿಡುತ್ತೆ, ಮೈಬಗ್ಗಿಸಿ ದುಡಿಯುವವನದು ಅದರ ಮೂರು ಪಟ್ಟೂ ಆಗುತ್ತೆ. ಬೆಂಕಿಯ ಝಳ ನೇರ ಬಂದು ತಾಗುವಂಥದ್ದು, ಫ್ಯಾನ್ ಅದನ್ನು ತಡೆಯಲ್ಲ. ನಮ್ಮ ಚರ್ಮದ ಬಿಸಿ 34ರ ಆಸುಪಾಸು. ಶೆಡ್ಡಿನ ಗಾಳಿ ಅದಕ್ಕಿಂತ ಬಿಸಿ ಇದ್ದರೆ ಫ್ಯಾನ್ ಬಿಸಿಯನ್ನೇ ತಂದು ಹಾಕುತ್ತೆ, ಬೆವರು ಆರಿಸುವುದಷ್ಟೇ ಅದರ ಉಪಕಾರ. ಗಾಳಿ ತೀರಾ ಕಾದಾಗ ಅದೂ ಸಾಲಲ್ಲ.

ಒಲೆಗೂ ಆಳಿಗೂ ನಡುವೆ, ಕೈ ಆಡುವಷ್ಟು ಬಿಟ್ಟು, ಹೊಳೆಯುವ ಅಲ್ಯೂಮಿನಿಯಂ ಹಾಳೆ ಅಡ್ಡ ನಿಲ್ಲಿಸಿ. ಶೆಡ್ಡಿನ ನೆತ್ತಿಯಲ್ಲಿ ಬಿಸಿ ಗಾಳಿ ಹೋಗಲು ಬಾಯಿ ತೆಗೆಸಿ, ಕೆಳಗೆ ಹೊಸ ಗಾಳಿ ಬರಲು ದಾರಿ ಬಿಡಿ. ತಗಡಿಗೆ ಮೇಲಿನಿಂದ ಬಿಳಿ ಬಣ್ಣ. ಬೇಸಿಗೆಯಲ್ಲಿ ನಸುಕಿಗೇ ಕೆಲಸ ಶುರು ಮಾಡಿ, ಪಾಳಿ ಚಿಕ್ಕದು ಮಾಡಿ, ಉಪ್ಪು ಹಾಕಿದ ಮಜ್ಜಿಗೆ ಇಡಿ. ಯಾರಾದರೂ ತಲೆಸುತ್ತಿ ತೊದಲಿದರೆ, ಏನೇನೋ ಮಾತಾಡಿದರೆ, ಅದು ಸುಸ್ತಲ್ಲ. ನೆರಳಿಗೆ ತಂದು, ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತಾ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ನಾವು ಬರುವ ಮುಂಚೆ ರೂಮು ತಂಪಾಗಿರಲಿ ಅಂತ ಅತ್ತೆ ಫ್ಯಾನ್ ಹಾಕಿಡುತ್ತಾರೆ. ಪ್ರಯೋಜನ ಇದೆಯಾ? (ಸೊಸೆ, ಹೊಳಲ್ಕೆರೆ)

ಉತ್ತರ: ಇಲ್ಲ. ಫ್ಯಾನ್ ತಂಪು ಮಾಡುವುದು ಮೈಯನ್ನು, ರೂಮನ್ನಲ್ಲ. ಹಳೇ ಫ್ಯಾನ್ ಎಳೆಯುವ 75 ವಾಟ್ ಕರೆಂಟೂ ಕೊನೆಗೆ ಬಿಸಿಯಾಗಿ ರೂಮಿನಲ್ಲೇ ಉಳಿಯುತ್ತೆ. ಸಂಜೆ ಹೊರಗೆ ಆರಿದ ಮೇಲೆ ಕಿಟಕಿ ತೆಗೆದು ಹಾಕಿದರೆ ಮಾತ್ರ ಒಳಗಿನ ಬಿಸಿ ಹೊರಗೆ ಹೋಗಲು ಸಹಾಯ. ಇದನ್ನು ಅತ್ತೆಗೆ ನೀವು ಹೇಳಬೇಡಿ, ಈ ಪುಟ ತೋರಿಸಿ.