ಲಾರಿ ರೈಲು ಹತ್ತಿದ್ಮೇಲೆ ಇನ್ನೇನು ಲೆಕ್ಕ?

ಪ್ರಶ್ನೆ: ನಮ್ದು ಎರಡು ಲಾರಿ ಇದೆ, ಸುರತ್ಕಲ್‌ನಿಂದ ಕೊಂಕಣ ರೈಲ್ವೆಯ ರೋ-ರೋದಲ್ಲಿ (ಮಾಲು ಸಮೇತ ಲಾರಿನೇ ವ್ಯಾಗನ್ ಮೇಲೆ ಹತ್ತಿಸಿ ಒಯ್ಯೋ ರೈಲು) ಮಹಾರಾಷ್ಟ್ರದ ಕೊಲಾಡ್‌ಗೆ ಕಳಿಸ್ತೀವಿ. ರೈಲು ಹತ್ತಿಸಿದ್ರೆ ಡೀಸೆಲ್ ಉಳಿಯತ್ತೆ, ಸರಿ. ಎಂಜಿನಿಯರಿಂಗ್ ಓದೋ ಮಗ ಮಾತ್ರ ಸಿಮ್ಯುಲೇಶನ್ ಮಾಡಿದ್ರೆ ಇನ್ನೂ ಉಳಿಸಬಹುದು ಅಂತಾನೆ. ಕಂಪ್ಯೂಟರಲ್ಲಿ ಲಾರಿ ಓಡಿಸಿದ್ರೆ ಏನ್ ಸ್ವಾಮಿ ಉಳಿಯೋದು?
– ಲಾರಿ ಮಾಲೀಕರು, ಸುರತ್ಕಲ್

ಉತ್ತರ: ಮಗ ಹೇಳಿದ್ದು ಸರಿನೇ ಇದೆ, ಬೈಬೇಡಿ ಅವನಿಗೆ. ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಗಾಲಿ ಉರುಳೋಕೆ ಡಾಂಬರು ರೋಡಲ್ಲಿ ಟೈರ್ ಉರುಳೋದಕ್ಕಿಂತ ನಾಲ್ಕೈದು ಪಟ್ಟು ಕಮ್ಮಿ ಎಳೆತ ಸಾಕು, ಹಾಗಾಗಿ 1999ರಲ್ಲಿ ಶುರುವಾದ ರೋ-ರೋ ಇವತ್ತಿಗೂ ಲಾಭನೇ. ಆದ್ರೆ ನಿಮ್ಮ 25 ಟನ್ ಮಾಲಿನ ಜೊತೆ ಹತ್ತು-ಹನ್ನೆರಡು ಟನ್ನಿನ ಲಾರಿನೂ ಹೋಗತ್ತೆ, ಅದರ ಕೆಳಗೆ ಇಪ್ಪತ್ತು ಟನ್ ದಾಟೋ ವ್ಯಾಗನ್ ಬೇರೆ, ಅಂದ್ರೆ ಮಾಲಿಗಿಂತ ಜಾಸ್ತಿ ಕಬ್ಬಿಣನೇ ಎಳೀತಿದೀವಿ. ಬರೀ ಕಂಟೇನರ್ ಎತ್ತಿಟ್ರೆ ಈ ಲಾರಿ ಭಾರ ತಪ್ಪತ್ತೆ, ಆದ್ರೆ ಎರಡೂ ಕಡೆ ಎತ್ತಿ ಇಳಿಸೋ ಮೆಷಿನ್ ಬೇಕು, ಅದೂ ಡೀಸೆಲ್ ಕುಡಿಯತ್ತೆ. ಯಾವುದು ವಾಸಿ ಅಂತ ಬಾಯಲ್ಲಿ ಹೇಳೋಕಾಗಲ್ಲ.

ಅಸಲಿ ಮಜಾ ಇರೋದು ನಿಲ್ಲೋದ್ರಲ್ಲಿ. ಕೊಂಕಣದಲ್ಲಿ ಬಹುಪಾಲು ಸಿಂಗಲ್ ಲೈನು, ಎದುರಿಂದ ಎಕ್ಸ್‌ಪ್ರೆಸ್ ಬಂದ್ರೆ ಗೂಡ್ಸ್ ರೈಲು ಲೂಪ್ ಲೈನಲ್ಲಿ, ಅಂದ್ರೆ ಸ್ಟೇಷನ್ನಿನ ಪಕ್ಕದ ಹಳಿಲಿ, ಕಾಯ್ಬೇಕು. 2000 ಟನ್ ರೈಲು ನಿಂತಲ್ಲಿಂದ ಮತ್ತೆ 60 ಕಿ.ಮೀ. ಸ್ಪೀಡಿಗೆ ಬರೋಕೆ ಶುದ್ಧ ಲೆಕ್ಕದಲ್ಲೇ 77 ಯೂನಿಟ್ ಕರೆಂಟ್ ಬೇಕು, ಒಂದು ಸಣ್ಣ ಮನೆಗೆ ತಿಂಗಳು ಬರತ್ತೆ ಅದು! ಬ್ರೇಕ್ ಹಾಕ್ದಾಗ ಎಲೆಕ್ಟ್ರಿಕ್ ಎಂಜಿನ್ ಸ್ವಲ್ಪ ವಾಪಸ್ ಕೊಡತ್ತೆ, ಪೂರ್ತಿ ಅಲ್ಲ. ಮುಂದಿನ ಸ್ಟೇಷನ್ ಇಷ್ಟೊತ್ತಿಗೆ ಖಾಲಿಯಾಗತ್ತೆ ಅಂತ ಮೊದ್ಲೇ ಗೊತ್ತಿದ್ರೆ ಡ್ರೈವರು 40ರಲ್ಲೇ ನಿಧಾನಕ್ಕೆ ಬಂದು ನಿಲ್ಲದೇ ದಾಟ್ಬಹುದು. ಸಿಮ್ಯುಲೇಶನ್ ಮಾಡೋದು ಇದನ್ನೇ, ಹಳಿಯ ಏರು ಇಳಿತ, ತಿರುವು, ಟೈಮ್‌ಟೇಬಲ್ಲು, ಮಳೆಗಾಲದ ಕಮ್ಮಿ ಸ್ಪೀಡು ಎಲ್ಲ ತುಂಬಿ ಅದೇ ದಿನಾನ ಸಾವಿರ ಸಲ ಓಡಿಸಿ, ಒಂದ್ಸಲ ರೈಲು ಲೇಟು, ಇನ್ನೊಂದ್ಸಲ ಲಾರಿ ಲೇಟು, ಎಲ್ಲಿ ಎಷ್ಟು ಕರೆಂಟು, ಡೀಸೆಲ್ ಸುಡ್ತು ಅಂತ ನೋಡೋದು. ನಿಜವಾದ ರೈಲಲ್ಲಿ ಈ ಪ್ರಯೋಗ ಮಾಡೋಕೆ ಯಾರು ಬಿಡ್ತಾರೆ ಹೇಳಿ.

ರೋ-ರೋ ಹತ್ತಿಸೋ ಸ್ಟೇಷನ್ನಿನ ಗೇಟ್ ಹತ್ರ ಎಂಜಿನ್ ಆಫ್ ಮಾಡದೇ ಕ್ಯೂ ನಿಲ್ಲೋ ಲಾರಿನೂ ಈ ಲೆಕ್ಕಕ್ಕೆ ಬರತ್ತೆ, ಗಂಟೆಗೆ ಎರಡು-ಮೂರು ಲೀಟರ್ ಸುಮ್ನೆ ಹೋಗತ್ತೆ. ಮಗನಿಗೆ ಲ್ಯಾಪ್‌ಟಾಪ್ ಜೊತೆ ನಿಮ್ಮ ಡ್ರೈವರ್‌ಗಳ ಟ್ರಿಪ್ ಶೀಟೂ ಕೊಡಿ, ಗೇಟಿಗೆ ಬಂದಿದ್ದು ಎಷ್ಟೊತ್ತಿಗೆ, ವ್ಯಾಗನ್ ಹತ್ತಿದ್ದು ಎಷ್ಟೊತ್ತಿಗೆ ಅಂತ ಬರೆದಿರೋದು. ಅದಿಲ್ದಿದ್ರೆ ಅವನು ಮಾಡೋದು ವಿಡಿಯೋ ಗೇಮ್ ಆಗತ್ತೆ ಅಷ್ಟೇ.