ಪಾನ್‌ದಾನದ ಕುಸುರಿ ಪೆನ್‌ಡ್ರೈವ್‌ಗೆ ಒಪ್ಪುವುದೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಬಿದರಿ ಕೆಲಸದ ಪಾನ್‌ದಾನವೊಂದಿದೆ. ಎಲೆ ಅಡಿಕೆ ಹಾಕುವವರಿಲ್ಲದೆ ಅದು ಅಟ್ಟ ಸೇರಿದ್ದು, ಬೆಳ್ಳಿಯ ಹೂಬಳ್ಳಿ ಮಂಕಾಗಿದೆ. ಮಗಳು ಗೆಳತಿಯರಿಗೆ ಉಡುಗೊರೆ ಕೊಡಲು ಬಿದರಿ ಕೆಲಸದ ಪೆನ್‌ಡ್ರೈವ್ ಬೇಕೆನ್ನುತ್ತಾಳೆ. ಇಂಥ ವಸ್ತುಗಳಿಗೆ ಇಳಿದರೆ ಈ ಕಲೆಯ ಘನತೆ ಕುಂದುವುದಿಲ್ಲವೇ?
– ಓದುಗರು, ಹುಮನಾಬಾದ್

ಉತ್ತರ: ತಮ್ಮ ಅಜ್ಜಿಯವರ ಪಾನ್‌ದಾನವೂ ಆ ಕಾಲಕ್ಕೆ ದಿನಬಳಕೆಯ ವಸ್ತುವೇ ಆಗಿತ್ತು. ಹುಕ್ಕಾದ ಬುಡ, ಸುರಾಹಿ ಎಂಬ ಹೂಜಿ, ಎಲೆಅಡಿಕೆ ಉಗುಳುವ ಪೀಕದಾನಿಗಳ ಮೇಲೆ ಬೆಳೆದ ಈ ಕಲೆ, ಆ ಬಳಕೆಗಳೆಲ್ಲ ಮನೆಗಳಿಂದ ಮರೆಯಾದ ಮೇಲೆ ಹೊಸ ವಸ್ತುಗಳನ್ನು ಹುಡುಕಿಕೊಂಡದ್ದು ಸಹಜವೇ ಆಗಿದೆ. ಬೆಳ್ಳಿಯ ಬೆಲೆ ಏರಿರುವ ಈ ದಿನಗಳಲ್ಲಿ ಸಣ್ಣ ವಸ್ತುವಾದರೆ ಸಾಮಾನ್ಯ ಕುಟುಂಬದವರೂ ಕೊಳ್ಳಬಲ್ಲರು.

ನೋಡಬೇಕಾದದ್ದು ತಯಾರಿಕೆಯ ಕ್ರಮವನ್ನು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸಿದ ಮೈಮೇಲೆ ಕೈಯಿಂದಲೇ ಚಿತ್ತಾರ ಬರೆದು, ಉಳಿಯಿಂದ ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸಿ, ಉಜ್ಜಿ ನಯಗೊಳಿಸುತ್ತಾರೆ. ಕಡೆಗೆ ಬೀದರ್ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರವೆಂಬ ಲವಣ ಬೆರೆಸಿದ ಬಿಸಿನೀರಿನ ಸಂಸ್ಕಾರವಾದಾಗ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಅದಕ್ಕೆ ಬಹುಕಾಲ ಬಿಸಿಲು ಮಳೆ ಕಾಣದ ಜಾಗದ ಮಣ್ಣೇ ಬೇಕು. ಅದನ್ನು ನಾಲಿಗೆಗೆ ಹಚ್ಚಿ, ರುಚಿ ನೋಡಿ ಆರಿಸುವ ಕುಶಲಕರ್ಮಿಗಳಿದ್ದಾರೆಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತದ್ದು ಊರಿನೊಂದಿಗೆ ಹೀಗೆ ಬೆಸೆದುಕೊಂಡ ಕಲೆಗೆ. ಈ ಕ್ರಮ ತಪ್ಪದಿದ್ದರೆ ಪೆನ್‌ಡ್ರೈವ್‌ನ ಕವಚವೂ ಬಿದರಿಯೇ; ಕಪ್ಪು ಬಣ್ಣ ಬಳಿದು ಯಂತ್ರದಿಂದ ಚಿತ್ತಾರ ಅಚ್ಚೊತ್ತಿದ್ದರೆ ಹೂಜಿಯೂ ಬಿದರಿಯಲ್ಲ.

ಆದರೂ ನನ್ನದೊಂದು ತಕರಾರಿದೆ. ಪೆನ್‌ಡ್ರೈವ್, ಮೊಬೈಲ್ ಕವಚಗಳು ಕೆಲವೇ ವರ್ಷಗಳಲ್ಲಿ ಹಳತಾಗಿ ಮೂಲೆ ಸೇರುತ್ತವೆ, ದಿನಗಟ್ಟಲೆ ಕುಳಿತು ಮಾಡಿದ ಕುಸುರಿಯೂ ಅವುಗಳೊಂದಿಗೇ ಹೋಗುತ್ತದೆ. ಅದಕ್ಕಿಂತ ಅಂಗಿಯ ಗುಂಡಿ, ಓಲೆ, ಬಾಗಿಲ ಹಿಡಿಕೆ, ಗೋಡೆಯ ಬಿಲ್ಲೆಗಳು ಬಹುಕಾಲ ಕೈಯಲ್ಲೂ ಕಣ್ಣಲ್ಲೂ ಉಳಿಯುವಂಥವು. ಮಗಳಿಗೆ ಓಲೆಗಳನ್ನು ಸೂಚಿಸಿ ನೋಡಿ.

ಇನ್ನು ಪಾನ್‌ದಾನವನ್ನು ಹಿತ್ತಾಳೆ ಪಾತ್ರೆಯಂತೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹುಳಿ ತಾಗಿದರೆ ಕಪ್ಪು ಹಾಳಾಗುತ್ತದೆ. ಮೆತ್ತನೆಯ ಬಟ್ಟೆಯಿಂದ ಧೂಳು ತೆಗೆದು, ತುಸು ಕೊಬ್ಬರಿ ಎಣ್ಣೆ ಸವರಿ ಒರೆಸಿ. ಕಪ್ಪೂ ಮಾಸಿದ್ದರೆ ಬೀದರಿನ ಕುಶಲಕರ್ಮಿಯೊಬ್ಬರಿಗೆ ತೋರಿಸಿ, ಮತ್ತೆ ಕೋಟೆಯ ಮಣ್ಣಿನಿಂದಲೇ ಕಪ್ಪೇರಿಸಲು ಕೇಳಿಕೊಳ್ಳಿ.